ಬಾಯಿಂದ ಹಾರಿಸಿದ ಗುಂಡು

ನಾಲ್ಕು ವರ್ಷ, ಸೂಟಿಯ ದಿನಗಳನ್ನು ಬಿಟ್ಟು, ಒಬ್ಬ ಮನುಷ್ಯ ನನ್ನನ್ನು ಪ್ರತಿ ಮುಂಜಾನೆ ಗುಂಡು ಹಾಕಿ ಕೊಂದರು. ಕಚೇರಿಯ ಮೆಟ್ಟಿಲ ಬಲಕ್ಕೆ ಅವರು ನಿಂತಿರುತ್ತಿದ್ದರು. ನಾನು ಕೊಡೆ ಮಡಚಿ ಮೊದಲ ಮೆಟ್ಟಿಲ ಮೇಲೆ ಕಾಲಿಡುವ ಹೊತ್ತಿಗೆ ಹಿಮ್ಮಡಿ ಕೂಡಿಸಿ, ಎದೆ ಸೆಟೆಸಿ, ನನ್ನ ಎರಡು ಹುಬ್ಬುಗಳ ನಡುವೆ ನೋಡಿ, ತುಟಿಯಷ್ಟೇ ಅಲುಗಿಸಿ ಮೆಲ್ಲಗೆ ಅನ್ನುತ್ತಿದ್ದರು: "ಠೋ."

ಆಮೇಲೆ ಸಲಾಮು ಹೊಡೆಯುತ್ತಿದ್ದರು. ಆ ಸಲಾಮಿನಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಲೂ ಬರುತ್ತಿರಲಿಲ್ಲ.

ಹೋದ ವಾರ ಅವರನ್ನು ಮಣ್ಣು ಮಾಡಿ ಬಂದೆವು. ಅಲ್ಲಿ ನಡೆದದ್ದು ಇನ್ನೂ ಕಿವಿಯಲ್ಲಿದೆ. ಅದು ಹಳತಾಗಿ, ನನಗೆ ಅನುಕೂಲವಾದ ಆಕಾರ ತಳೆಯುವ ಮೊದಲು ಬರೆದಿಡಬೇಕೆಂದು ಕೂತಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಅದು ಯಾವಾಗಲೂ ನನ್ನ ಪರವಾಗಿ ನಿಂತ ವಕೀಲನಂತೆ ಮಾತಾಡುತ್ತದೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನಾದರೂ ಅದನ್ನು ಬರೆದವನೂ ನಾನೇ ಅಲ್ಲವೆ?

ಅವರ ಹೆಸರು ಬರೆಯುವುದಿಲ್ಲ. ಊರಲ್ಲೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಜಮಾದಾರರು. ಜಮಖಂಡಿ, ಮುಧೋಳದ ಸುತ್ತ ಆಗ ಇದ್ದ ಸಣ್ಣ ಸಣ್ಣ ಸಂಸ್ಥಾನಗಳಲ್ಲಿ ಒಂದರ ಲಷ್ಕರಕ್ಕೆ ಅವರು ಜಮಾದಾರರಾಗಿದ್ದರು. ಯಾವ ಸಂಸ್ಥಾನವೆಂಬುದು ಇಲ್ಲಿ ಬೇಡ. ಸಾವಳಗಿಯ ಕಡೆಯ ಕುರುಬರ ಮನೆತನ. ಕುರಿಯ ಹಿಂದೆ ನಡೆದು ಬೆಳೆದ, ತುಸು ಸೊಟ್ಟಾದ ಗಿಡ್ಡ ಕಾಲು. ಹಣೆಗೆ ಬೀರಪ್ಪನ ಭಂಡಾರದ ಅರಿಶಿನ. ಮಾತು ಕಡಿಮೆ. ಆಡಿದ ಮಾತನ್ನು ಎರಡನೆಯ ಸಲ ಆಡಲು ಹೇಳಿದರೆ ಮುಖ ಗಂಟಾಗುತ್ತಿತ್ತು.

ಲಷ್ಕರ ಎಂದೆ. ನಲವತ್ತು ಮಂದಿ, ಅವರಿಗಿಂತ ಹಳೆಯ ನಲವತ್ತು ಬಂದೂಕು. ವಾಡೆಯ ಬಾಗಿಲು, ಖಜಾನೆಯ ಬಾಗಿಲು ಕಾಯುವುದು, ದಸರೆಗೆ ಸಾಲಾಗಿ ನಡೆಯುವುದು, ಇಷ್ಟೇ ಕೆಲಸ. ಕಾಲಿಗೆ ಸುತ್ತುವ ಪಟ್ಟಿ ಹರಿದುಹೋಗಿ ಎಷ್ಟೋ ವರ್ಷವಾಗಿತ್ತು. ಜಮಾದಾರರು ತಮ್ಮ ಮನೆಯ ಮಗ್ಗದಲ್ಲಿ ಕರಿ ಕಂಬಳಿಯ ಪಟ್ಟಿ ನೇಯಿಸಿ ಎಲ್ಲರ ಕಾಲಿಗೂ ಸುತ್ತಿಸಿದ್ದರು. ಬೇಸಿಗೆಯಲ್ಲಿ ಆ ಉಣ್ಣೆ ಕಚ್ಚಿ ಸಿಪಾಯಿಗಳು ನಿಂತಲ್ಲೇ ಒಂದು ಕಾಲಿಂದ ಇನ್ನೊಂದು ಕಾಲು ಕೆರೆದುಕೊಳ್ಳುವುದನ್ನು ನೋಡಲು ಹುಡುಗರಾದ ನಾವು ಹೋಗುತ್ತಿದ್ದೆವು. ಬಂದೂಕಿಗೆ ಹಚ್ಚುವ ಎಣ್ಣೆಯೂ ಬರುತ್ತಿರಲಿಲ್ಲ. ಕುಸುಬಿ ಎಣ್ಣೆ ಹಚ್ಚುತ್ತಿದ್ದರು. ಅದು ನಾಲ್ಕು ದಿನಕ್ಕೆ ಅಂಟಾಗುತ್ತದೆ. ಹೀಗಾಗಿ ವಾರಕ್ಕೆ ಎರಡು ಸಲ, ಬನಹಟ್ಟಿಯ ಮಗ್ಗದ ಮನೆಗಳಿಂದ ಬೇಡಿ ತಂದ ತುಂಡು ನೂಲಿನಿಂದ ಒರೆಸಿ ಮತ್ತೆ ಹಚ್ಚಬೇಕು. ಪಹರೆಯವನ ಹತ್ತಿರ ಹಾದು ಹೋದರೆ ಯಾರೋ ಒಗ್ಗರಣೆ ಹಾಕಿದಂತೆ ವಾಸನೆ ಬರುತ್ತಿತ್ತು.

ಗುಂಡು ಮಾತ್ರ ಕುರಿಯಿಂದಲೂ ಬರುವುದಲ್ಲ, ಕುಸುಬಿಯಿಂದಲೂ ಬರುವುದಲ್ಲ. ಖಜಾನೆಯ ಕೀಲಿ ಸಂಸ್ಥಾನದ ಕಾರಭಾರಿಯವರ ಕೈಯಲ್ಲಿತ್ತು. ಜಮಾದಾರರು ಪ್ರತಿ ವರ್ಷ ಕೇಳುತ್ತಿದ್ದರು, ಕಾರಭಾರಿಯವರು ಪ್ರತಿ ವರ್ಷ "ಮುಂದಿನ ಸಲ ನೋಡೋಣು" ಅನ್ನುತ್ತಿದ್ದರು. ಅದಕ್ಕೆ ಜಮಾದಾರರು ಒಂದು ಉಪಾಯ ಕಂಡುಕೊಂಡರು. ಮೈದಾನದಲ್ಲಿ ನಲವತ್ತು ಮಂದಿಯನ್ನು ನಿಲ್ಲಿಸಿ "ಭರ್!" ಅಂದರೆ ಎಲ್ಲರೂ ಇಲ್ಲದ ಗುಂಡು ತುಂಬಬೇಕು. "ಶಿಸ್ತ್!" ಅಂದರೆ ಗುರಿ ಹಿಡಿಯಬೇಕು. "ಫಾಯರ್!" ಅಂದರೆ ಬಾಯಿಂದ "ಠೋ" ಅನ್ನಬೇಕು. ನಲವತ್ತು ಬಾಯಿಂದ ಒಂದೇ ಸಪ್ಪಳ ಬರಬೇಕು. ಹಿಂದೆ ಬಿದ್ದವನಿಗೆ ಮೈದಾನದ ಸುತ್ತ ಓಟ, ನಕ್ಕವನಿಗೆ ಮಧ್ಯಾಹ್ನದವರೆಗೆ ಬಿಸಿಲು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಒಬ್ಬನ ಮುಂದೆ ಹೋಗಿ ನಿಂತು, "ನಿನ್ನ ಗುಂಡು ಎಡಕ್ಕ ಹೋತಲೇ. ಹೆಗಲು ಸಡ್ಲ ಬಿಟ್ಟಿದ್ದಿ," ಅನ್ನುತ್ತಿದ್ದರು. ಬೈಸಿಕೊಂಡವನು ಹೆಗಲು ನೋಡಿಕೊಳ್ಳುತ್ತಿದ್ದ. ಸಡಿಲವೇ ಇರುತ್ತಿತ್ತು.

ನಾನು ಬಿ.ಎ. ಮುಗಿಸಿ ಊರಿಗೆ ಬಂದಾಗ ಎಲ್ಲ ಕಡೆ ಪ್ರಜೆಗಳ ಸಭೆಗಳ ಗದ್ದಲ. ಸಾಲಿಯ ಅಂಗಳದ ಒಂದು ಸಭೆಯಲ್ಲಿ, ಸಂಸ್ಥಾನಕ್ಕೆ ಲಷ್ಕರ ಬೇಕೆ ಎಂಬ ಮಾತಿಗೆ ನಾನು ಎದ್ದು ನಿಂತೆ. ಊರಿಗೆ ಒಂದು ದವಾಖಾನೆ ಇಲ್ಲ, ಹೆಣ್ಣುಮಕ್ಕಳಿಗೆ ಸಾಲಿ ಇಲ್ಲ, ಈ ಆಟದ ಸೈನ್ಯವನ್ನು ಯಾಕೆ ಸಾಕಬೇಕು ಎಂದು ಕೇಳಿದೆ. ಅಷ್ಟಕ್ಕೆ ಕೂತಿದ್ದರೆ ಆಗುತ್ತಿತ್ತು. ಮೂಲೆಯಲ್ಲಿದ್ದ ಕಸಬರಿಗೆ ತಗೊಂಡು ಹೆಗಲಿಗಿಟ್ಟೆ, ಒಂದು ಕಾಲಿಂದ ಇನ್ನೊಂದು ಕಾಲು ಕೆರೆದುಕೊಂಡೆ, ಸಭೆಯತ್ತ ಗುರಿ ಹಿಡಿದು "ಠೋ!" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಬಂದೋಬಸ್ತಿಗೆ ಬಂದಿದ್ದ ಜಮಾದಾರರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಆ ದಿನದ ದಿನಚರಿಯಲ್ಲಿ ಹೀಗಿದೆ: "ಭಾಷಣ ಛಲೋ ಆಯಿತು." ಅವರು ನನ್ನನ್ನು ನೋಡಿದ್ದು ದಿನಚರಿಯಲ್ಲಿಲ್ಲ. ಅದು ನಾನು ಆಮೇಲೆ ಸೇರಿಸಿಕೊಂಡ ನೆನಪೋ ಏನೋ.

ಮುಂದೆ ಸಂಸ್ಥಾನಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಲಷ್ಕರದ ಆಳುಗಳಲ್ಲಿ ತಾಲೀಮು ಆದವರು ಯಾರು ಎಂದು ಪರೀಕ್ಷಿಸಲು ಬೆಳಗಾವಿಯಿಂದ ಒಬ್ಬ ಅಧಿಕಾರಿ ಬಂದರು. ತಾಲೀಮು ಆದವರೆಂದು ಬರೆದರೆ ದೇಶದ ಸೈನ್ಯಕ್ಕೋ ಪೊಲೀಸಿಗೋ ತಗೊಳ್ಳುವ ಮಾತಿತ್ತು. ಇಲ್ಲವಾದರೆ ಮನೆ. ಅಧಿಕಾರಿ ದೂರದ ಸೀಮೆಯವರು, ಮಾತೆಲ್ಲ ಇಂಗ್ಲಿಷಿನಲ್ಲಿ. ಜಮಾದಾರರಿಗೆ ಕನ್ನಡ ಬಿಟ್ಟರೆ ಕವಾಯತಿನ ಹುಕುಂಗಳಷ್ಟೇ ಬರುತ್ತಿದ್ದವು. ದುಭಾಷಿಯಾಗಿ ನನ್ನನ್ನು ಕರೆದರು.

ಅಧಿಕಾರಿ ಒಂದು ಬಂದೂಕಿನ ನಳಿಗೆಯಲ್ಲಿ ಕಣ್ಣಿಟ್ಟು ನೋಡಿ ಚೊಕ್ಕಟ ಇದೆ ಎಂದರು. ಬೆರಳು ಮೂಸಿ ಹುಬ್ಬೇರಿಸಿದರು. ಕುಸುಬಿಗೆ ಇಂಗ್ಲಿಷ್ ಶಬ್ದ ತೋಚದೆ ಅಡುಗೆ ಎಣ್ಣೆ ಎಂದುಬಿಟ್ಟೆ. ಅವರು ನಕ್ಕರು. ಆಮೇಲೆ ಕೇಳಿದರು, ಹೋದ ವರ್ಷ ಒಬ್ಬೊಬ್ಬ ಸಿಪಾಯಿ ಎಷ್ಟು ಗುಂಡು ಹಾರಿಸಿದ್ದಾನೆ?

ಜಮಾದಾರರು ಹೇಳಿದರು: "ಗುಂಡು ಕೊಡಲಿಲ್ರಿ. ವರ್ಷಾ ವರ್ಷಾ ಕೇಳೇನಿ, ಕೊಡಲಿಲ್ಲ." ಉಸಿರು ತಗೊಂಡು ಇನ್ನೊಂದು ಮಾತು ಅಂದರು: "ಅದಕ್ಕ ಬಾಯಿಂದ ತಾಲೀಮ ಮಾಡೇವ್ರಿ."

ಕಾರಭಾರಿಯವರು ನನ್ನ ಪಕ್ಕದಲ್ಲೇ ನಿಂತಿದ್ದರು. ಹೊಸ ಸರ್ಕಾರದಲ್ಲೂ ಅವರ ಮಾತಿಗೆ ತೂಕ ಇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕಚೇರಿಯ ನೌಕರಿಗೆ ನನ್ನ ಅರ್ಜಿ ಅವರ ಶಿಫಾರಸಿಗಾಗಿ ಕಾಯುತ್ತಿತ್ತು. ನಾನು ಅಧಿಕಾರಿಗೆ ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಹೇಳಿದೆ: ಇವರು ಬಾಯಿಂದ ಗುಂಡು ಹಾರಿಸುತ್ತಾರೆ.

"ಹಾರಿಸಿ ತೋರಿಸಲಿ," ಎಂದರು ಅಧಿಕಾರಿ.

ಇಲ್ಲಿ ಜಮಾದಾರರು ಒಂದು ತಪ್ಪು ಮಾಡಿದರು. ತಾವಾಡಿದ ಎರಡೂ ಮಾತು ಆ ಮನುಷ್ಯನಿಗೆ ಮುಟ್ಟಿವೆ, ಗುಂಡಿಲ್ಲದೆಯೂ ಇವರು ಹೇಗೆ ತಯಾರಾಗಿದ್ದಾರೆ ನೋಡೋಣ ಎಂದು ಕೇಳುತ್ತಿದ್ದಾನೆ, ಎಂದೇ ತಿಳಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅದರ ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. "ಭರ್! ಶಿಸ್ತ್! ಫಾಯರ್!" ನಲವತ್ತು ಬಾಯಿಂದ ಒಂದೇ "ಠೋ" ಬಂತು. ಮೈದಾನದ ಬೇವಿನ ಗಿಡದಿಂದ ಕಾಗೆ ಎದ್ದವು. ಅಧಿಕಾರಿ ಕುರ್ಚಿಯಲ್ಲಿ ಹಿಂದೆ ವಾಲಿ ನಕ್ಕರು. ಕಾರಭಾರಿಯವರು ರುಮಾಲಿನಿಂದ ಕಣ್ಣೊರೆಸಿಕೊಂಡು ನಕ್ಕರು. ನಾನು ನಕ್ಕೆನೆ? ದಿನಚರಿಯಲ್ಲಿ ಇಷ್ಟೇ ಇದೆ: "ಭಾಷಾಂತರದ ಕೆಲಸ. ಬಿಸಿಲು ಬಹಳ." ನಗಲಿಲ್ಲವೆಂದು ನನ್ನ ನೆನಪು ಹೇಳುತ್ತದೆ. ನೆನಪಿನ ಸ್ವಭಾವ ಆಗಲೇ ಹೇಳಿದ್ದೇನೆ.

ಕಾಗದದಲ್ಲಿ "ತಾಲೀಮು ಇಲ್ಲದವರು" ಎಂದು ಬಂತು. ಕೆಲವರು ರಬಕವಿ-ಬನಹಟ್ಟಿಯ ಮಗ್ಗಗಳಿಗೆ ಹೋದರು, ಕೆಲವರು ಹೊಲಕ್ಕೆ, ಕುರಿಗೆ. ಜಮಾದಾರರಿಗೆ ಕಚೇರಿಯ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಅದೇ ಕಚೇರಿಯಲ್ಲಿ ನನಗೆ ಕಾರಕೂನನ ಕೆಲಸ. ಮೊದಲ ದಿನವೇ ಮೆಟ್ಟಿಲ ಹತ್ತಿರ "ಠೋ".

ಒಂದು ತಿಂಗಳು ತಡೆದುಕೊಂಡೆ. ಆಮೇಲೆ ಒಂದು ಮಧ್ಯಾಹ್ನ ಅವರು ಬೇವಿನ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಕೂತಿದ್ದಾಗ ಹೋಗಿ ಕೇಳಿದೆ.

"ಜಮಾದಾರ್ರ, ನನ್ನ ಮ್ಯಾಲೆ ಇಷ್ಟ್ಯಾಕ ಸಿಟ್ಟು? ಸಭಾದಾಗ ಆಡಿದ ಮಾತಿಗೇನು?"

"ಅದು ಬಿಡ್ರಿ. ಹುಡುಗಾಟ. ಬ್ಯಾಡಂದ್ರಿ, ಎದುರಿಗೆ ನಿಂತ ಬ್ಯಾಡಂದ್ರಿ. ಅದಕ್ಕ ಸಿಟ್ಟಿಲ್ಲ."

"ಮತ್ತ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಮೈದಾನದಾಗ ನಾ ಎರಡು ಮಾತು ಅಂದಿದ್ದೆ. ನೀವು ಒಂದ ಅಂದ್ರಿ."

"ನಿಮಗ ಇಂಗ್ಲಿಷ್ ಬರ್ತೈತೇನು?"

"ಮಾತಿನ ಉದ್ದ ತಿಳೀತೈತ್ರಿ. ಅವರು ನಕ್ಕ ಮ್ಯಾಲೆ ಲೆಕ್ಕಾ ಹಾಕಿದೆ. ಕುರಿ ಎಣಸಾವ್ರು ನಾವು. ಒಂದು ಕಡಿಮಿ ಬಿದ್ರ ಹೆಸರು ಹಿಡದು ಎಣಸಬೇಕಂತಿಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಬಿಟ್ಟ ಮಾತು ಬರದು ಬೆಳಗಾವಿಗೆ ಕಳಸ್ರಿ. 'ಕೊಡಲಿಲ್ಲ' ಅಂತ. ಆ ದಿನದಿಂದ ಠೋ ಅನ್ನೂದಿಲ್ಲ."

"ಈಗ ಬರದ್ರ ಏನು ಉಪಯೋಗ? ಲಷ್ಕರನ ಇಲ್ಲ."

"ನಲವತ್ತು ಮಂದಿ ಮನ್ಯಾಗ ಕುಂತಾರ್ರಿ. ಅವರ ಹೇಣ್ತೇರು ಅವರಿಗೆ ಸಿಪಾಯಿ ಅನಬೇಕೋ, ಸೋಗಿನವರು ಅನಬೇಕೋ? ಅಷ್ಟ ಉಪಯೋಗ."

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಬರೆದರೆ ಅದು ಕಾರಭಾರಿಯವರ ಮೇಲಿನ ದೂರಾಗುತ್ತಿತ್ತು, ನನ್ನ ಮೇಲಿನದೂ. ನಾಳೆ, ಮಾರ್ಚ್ ಮುಗಿಯಲಿ, ಮಳೆಗಾಲ ಬರಲಿ. ಕಾರಭಾರಿಯವರು ಅವರಿಗೆ ಹೇಳುತ್ತಿದ್ದ "ಮುಂದಿನ ಸಲ" ನನ್ನ ಬಾಯಿಗೆ ಬಂದು ಕೂತಿದ್ದು ನನಗೆ ತಿಳಿಯಲೂ ಇಲ್ಲ. ಮುಂಜಾನೆ ಮಾತ್ರ ತಪ್ಪದೆ ಗುಂಡು ಬೀಳುತ್ತಿತ್ತು.

ಒಂದು ದಿನ ಪೇಪರಿನಲ್ಲಿ ಬಂದ ಯಾರದೋ ಮಾತನ್ನು ನಮ್ಮ ಕಚೇರಿಯ ಮೇಲಧಿಕಾರಿ ಮಾಮಲೇದಾರರು ಓದಿ ಹೇಳಿದರು. ಶಾಂತಿಯಿಂದ ಸ್ವತಂತ್ರವಾದ ಬಡ ದೇಶಕ್ಕೆ ಇಷ್ಟು ಸೈನ್ಯ ಯಾಕೆ, ಅದರ ಖರ್ಚು ಇಳಿಸಬೇಕು ಎಂದಿತ್ತು. ನಾನು ಹೌದೆಂದೆ, ಈಗಲೂ ಅರ್ಧಕ್ಕೆ ಹೌದೇ ಅನ್ನುತ್ತೇನೆ. ಮಾಮಲೇದಾರರು ತಮಾಷೆಗೆ ಬಾಗಿಲ ಕಡೆ ತಿರುಗಿ, "ಏನ್ರಿ ಜಮಾದಾರ, ನೀವೇನಂತೀರಿ?" ಎಂದರು.

ಜಮಾದಾರರು ಅಲ್ಲಿಂದಲೇ ಹೇಳಿದರು: "ನಮ್ಮ ಹಟ್ಟಿಯಾಗ ಬ್ಯಾಟಿನಾಯಿ ಅದಾವ್ರಿ, ಮುಧೋಳದ ಕಡೇವು. ತ್ವಾಳ ವರ್ಷಕ್ಕ ಒಮ್ಮೆ ಬರತೈತಿ. ನಾಯಿಗಿ ದಿನಾ ಹಾಕಬೇಕು."

"ತೋಳ ಬರದ ಹೋದ್ರ?" ಎಂದೆ ನಾನು.

"ಬರಲಿಲ್ಲಂದ್ರ ಯಾಕ ಬರಲಿಲ್ಲ ಅಂತ ನಾಯಿನ್ನ ಕೇಳ್ರಿ."

"ದೇಶದಾಗ ಸಾಲಿ ಇಲ್ಲ, ದವಾಖಾನಿ ಇಲ್ಲ. ಮಕ್ಕಳ ಬಾಯಿಂದ ಕಸಗೊಂಡು ನಾಯಿಗಿ ಹಾಕಬೇಕೇನು?"

"ಬ್ಯಾಡ್ರಿ. ಸಾಕೂದು ಆಗೂದಿಲ್ಲಂದ್ರ ಹಗ್ಗ ಬಿಚ್ಚಿ ಬಿಡ್ರಿ. ಎಲ್ಲಿರ ಹೋಗಿ ಬದಕತೈತಿ. ಬಿಡೂದೂ ಇಲ್ಲ, ಹಾಕೂದೂ ಇಲ್ಲ. ಕಟ್ಟಿ ಹಾಕಿ, ಪಕ್ಕಡಿ ಎಲುಬು ಎಣಿಸಿ, ನೋಡ ಹ್ಯಾಂಗ ಅಳ್ಳಾಡತೈತಿ ಅಂತ ನಗೂದು. ಅದು ಯಾ ದ್ಯಾವರ ಹೇಳ್ಯಾನ್ರಿ?"

ಮಾಮಲೇದಾರರು ಪೇಪರು ಮಡಚಿದರು. ನಾನು ಮುಂದಿದ್ದ ಕಡತ ಬಿಚ್ಚಿದೆ. ಈಗ ಎಷ್ಟೋ ಉತ್ತರ ತೋಚುತ್ತವೆ, ಆದರೆ ಅವನ್ನು ಅವರ ಮುಂದೆ ಹೇಳಲು ಧೈರ್ಯ ಬರುತ್ತಿತ್ತೆಂದು ಅನ್ನಿಸುವುದಿಲ್ಲ. ಅಂಥ ಸಂಸ್ಥಾನಕ್ಕೆ ಲಷ್ಕರ ಬೇಕಾಗಿರಲಿಲ್ಲ ಎಂಬ ನನ್ನ ವಾದ ಸುಳ್ಳಲ್ಲ. ಆದರೆ ಬೇಡ ಅನ್ನಲು ಅಧಿಕಾರವಿದ್ದವರು ಯಾರೂ ಬೇಡ ಅನ್ನಲಿಲ್ಲ. ದಸರೆಗೆ ಸಾಲು ಬೇಕಿತ್ತು, ಬಾಗಿಲಿಗೆ ಆಳು ಬೇಕಿತ್ತು. ಗುಂಡು ಕೇಳಿದಾಗ ಮಾತ್ರ ಅವರು ಬೇಡವಾದರು.

ಇಷ್ಟರಲ್ಲಿ ಠೋ ಮೆಟ್ಟಿಲು ದಾಟಿತ್ತು. ಅರ್ಜಿ ಹಿಡಿದು ಬಂದ ರೈತರು ಮುಂಜಾನೆ ಅದನ್ನು ಕೇಳಲೆಂದೇ ಹೊತ್ತಿಗೆ ಮೊದಲು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ತೇರದಾಳದ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಹಿಂದಿನ ಪಂಕ್ತಿಯಿಂದ ಯಾರೋ "ಠೋ" ಅಂದರು. ಮರುದಿನ ಮಾಮಲೇದಾರರಿಗೆ ದೂರು ಕೊಟ್ಟೆ.

"ಏನು ಮಾಡಿದ್ರು ಜಮಾದಾರ್ರು?"

"ದಿನಾ ನನಗ ಅವಮಾನ ಮಾಡತಾರ್ರಿ."

"ಬೈತಾರೇನು?"

"ಇಲ್ರಿ."

"ಸಲಾಮ ಹೊಡಿಯೂದಿಲ್ಲೇನು?"

"ಹೊಡೀತಾರ್ರಿ. ಅದಕ್ಕ ಮೊದಲು... ಬಾಯಿಂದ ಠೋ ಅಂತಾರ್ರಿ."

ಮಾಮಲೇದಾರರು ನನ್ನನ್ನು ನೋಡಿದರು. ಆಮೇಲೆ ಕುರ್ಚಿಯಲ್ಲಿ ಹಿಂದೆ ವಾಲಿ ನಗತೊಡಗಿದರು. "ಇನ್ನೊಮ್ಮೆ ಅನ್ರಿ, ಹ್ಯಾಂಗ ಅಂತಾರ?" ನಾನು ಇನ್ನೊಮ್ಮೆ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ನನ್ನ ನಾಲ್ಕು ವರ್ಷದ ನೋವು ಅವರಿಗೆ ಒಂದು ನಗೆಯಾಗಿ ಮುಟ್ಟಿತ್ತು. ಆ ಹೊತ್ತಿನಲ್ಲಿ ನನಗೆ ಮೈದಾನ ನೆನಪಾಗಬೇಕಿತ್ತು. ನೆನಪಾಗಿದ್ದು ಬರೇ ಸೇಡು.

ಆ ವಾರ ವರ್ಗಾವಣೆಯ ಯಾದಿ ತಯಾರಿಸುವ ಕೆಲಸ ನನ್ನ ಮೇಜಿಗೆ ಬಂತು. ಬೀಳಗಿಯ ಕಡೆಯ ಒಂದು ಠಾಣೆಗೆ ಬಾಗಿಲು ಕಾಯುವವರು ಬೇಕಾಗಿದ್ದರು. ನಾನು ಜಮಾದಾರರ ಹೆಸರು ಬರೆದೆ. ಮುಂದೆ "ಆಡಳಿತದ ಅನುಕೂಲಕ್ಕಾಗಿ" ಎಂದು ಸೇರಿಸಿದೆ. ಅಕ್ಷರ ಬಹಳ ಚೆಂದ ಬಂದಿತ್ತು. ಅವರ ವಯಸ್ಸು ನನಗೆ ಗೊತ್ತಿತ್ತು, ಹಟ್ಟಿ ಸಾವಳಗಿಯ ಕಡೆ ಇದ್ದದ್ದೂ ಗೊತ್ತಿತ್ತು. ಅಂದು ರಾತ್ರಿ ಛಲೋ ನಿದ್ದೆ ಬಂತು. ಇದು ದಿನಚರಿಯಲ್ಲಿದೆ, ಅಲ್ಲಗಳೆಯಲು ಬರುವುದಿಲ್ಲ.

ಹೋಗುವ ದಿನ ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಮುಂದೆ ಬಂದರು. ಸಲಾಮು ಹೊಡೆದರು. ನಾನು ಠೋಗಾಗಿ ಕಾದೆ. ಬರಲಿಲ್ಲ.

"ಇದು ಖರೆ ಗುಂಡ್ರಿ ಸಾಹೇಬ್ರ," ಎಂದರು. "ಛಲೋ ಹಾರಿಸಿದ್ರಿ. ಸಪ್ಪಳ ಸೈತ ಆಗಲಿಲ್ಲ."

ಅವರಿಲ್ಲದ ಮೆಟ್ಟಿಲು ನಾನು ಎಣಿಸಿದ್ದಷ್ಟು ಹಗುರಾಗಲಿಲ್ಲ. ಕೊಡೆ ಮಡಚುವಾಗ ಕೈ ಒಂದು ಕ್ಷಣ ತಡೆಯುತ್ತಿತ್ತು. ಎರಡು ವರ್ಷ ಬೀಳಗಿಯ ಕಡೆ ಕಾದು ಅವರು ಹಟ್ಟಿಗೆ ಮರಳಿದರೆಂದು ಕೇಳಿದೆ. ಹೋಗಿ ನೋಡಲಿಲ್ಲ.

ಈಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರುವ ಗಡಿಬಿಡಿ. ಕಚೇರಿಯ ಕಡತಗಳನ್ನು ಗಂಟು ಕಟ್ಟುತ್ತಿದ್ದಾಗ ಆ ಪರೀಕ್ಷೆಯ ಕಾಗದದ ನಕಲು ಕೈಗೆ ಸಿಕ್ಕಿತು. "ತಾಲೀಮು ಇಲ್ಲದವರು." ಕೆಳಗೆ ದುಭಾಷಿ ಎಂದು ನನ್ನ ಸಹಿ. ಅದನ್ನು ಮೇಜಿನ ಮೇಲೆ ಇಟ್ಟುಕೊಂಡು, ಈ ಸಲ ಬರೆದೇಬಿಡಬೇಕೆಂದು ಮೂರು ದಿನ ಕೂತೆ. ನಾಲ್ಕನೆಯ ದಿನ ಬನಹಟ್ಟಿಯಿಂದ ಒಬ್ಬ ನೇಕಾರ ಬಂದ. ಹಳೆಯ ಲಷ್ಕರದಲ್ಲಿ ಜಮಾದಾರರ ಕೈಕೆಳಗೆ ನಾಯಕನಾಗಿದ್ದವನು. ಈಗ ಕಿವಿಯ ಮೇಲಿನ ಕೂದಲಲ್ಲಿ ಹತ್ತಿಯ ಧೂಳು ಕೂತಿತ್ತು.

"ಜಮಾದಾರ್ರು ಹೋದ್ರಿ ಸಾಹೇಬ್ರ. ನಿಮಗ ಹೇಳಿ ಕಳಸಬೇಕಂತ ಅವರ ಹೇಳಿದ್ರು. ಬರಬೇಕಂತ."

ಕ್ಷಮಿಸಿದರೆಂದು ತಿಳಿದೆ. ಸಾವಳಗಿಯ ದಾರಿಯುದ್ದಕ್ಕೂ ಹಾಗೆಯೇ ತಿಳಿದುಕೊಂಡು ಹೋದೆ. ಆ ಕಾಗದವನ್ನೂ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಯಾಕೆಂದು ಕೇಳಿದರೆ ಹೇಳಲಾರೆ.

ಕುಣಿಯ ಹತ್ತಿರ ಇಪ್ಪತ್ತು ಇಪ್ಪತ್ತೆರಡು ಮಂದಿ ಸಾಲಾಗಿ ನಿಂತಿದ್ದರು. ಮುದುಕರಾಗುತ್ತಿದ್ದ ನೇಕಾರರು, ಕುರುಬರು. ಎಲ್ಲರ ಕಾಲಿಗೂ ಕರಿ ಕಂಬಳಿಯ ಪಟ್ಟಿ. ಕೈಯಲ್ಲಿ ಕುರಿ ಕಾಯುವ ಕೋಲು. ಮಣ್ಣು ಬಿದ್ದ ಮೇಲೆ ಭಂಡಾರ ಎರಚಿದರು. ನಾಯಕ ಮುಂದೆ ಬಂದು ನಿಂತ.

"ಭರ್! ಶಿಸ್ತ್! ಫಾಯರ್!"

ಕೋಲುಗಳು ಆಕಾಶಕ್ಕೆ ಎದ್ದವು. "ಠೋ." ಒಂದೇ ಸಪ್ಪಳ. ಯಾರೂ ನಗಲಿಲ್ಲ. ಎರಡನೆಯ ಸುತ್ತಿಗೂ ಹಾಗೆಯೇ. ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು.

ಮೂರನೆಯ ಸಲ "ಭರ್" ಅಂದು ನಾಯಕ ನನ್ನ ಕಡೆ ತಿರುಗಿದ. ಸಾಲೆಲ್ಲ ನನ್ನ ಕಡೆ ತಿರುಗಿತು.

"ಜಮಾದಾರ್ರ ಹುಕುಂ ಐತ್ರಿ. ಎರಡು ಮ್ಯಾಲೆ, ಒಂದು ನಿಮಗ. ನಿಂದ್ರಬೇಕ್ರಿ."

ನಿಂತೆ. ಅಷ್ಟೂ ಕೋಲುಗಳ ತುದಿ ನನ್ನ ಹುಬ್ಬುಗಳ ನಡುವೆ ಇತ್ತು. ಯಾವ ಹೆಗಲೂ ಸಡಿಲಿರಲಿಲ್ಲ.

"ಠೋ."

ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಕೋಲುಗಳು ಕೆಳಗಿಳಿದಿದ್ದವು. ನಾಯಕ ಹತ್ತಿರ ಬಂದು ನನ್ನ ಮುಖ ನೋಡಿದ.

"ಅಂಜಬ್ಯಾಡ್ರಿ ಸಾಹೇಬ್ರ. ಖಾಲಿ ಅದಾವು," ಅಂದ. "ಗುಂಡು ಕೊಡಲಿಲ್ಲಲ್ರಿ."